ಒಬ್ಬರಿಂದ ಮನೆಮಂದಿಗೆಲ್ಲ

ಕೇರಳದ ವಯನಾಡು ಜಿಲ್ಲೆಯ ಪೂಕೋಡಿನಲ್ಲಿ ಒಂದು ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನ 13 ವಿದ್ಯಾರ್ಥಿಗಳಿಗೆ ತಗುಲಿದ್ದ ವಾಂತಿ-ಭೇದಿಗೆ ನೊರೊವೈರಸ್ ಕಾರಣವೆಂದು 2021ರ ನವೆಂಬರಿನಲ್ಲಿ ಆ ರಾಜ್ಯದ ಆರೋಗ್ಯ ಇಲಾಖೆ ತಿಳಿಸಿತು. ಕೊರೋನಾದ ದಿನಗಳು ಅವು; ವೈರಸ್ ಎಂಬ ಮಾತು ಕೇಳಿದರೇ ಜನ ಬೆಚ್ಚುತ್ತಿದ್ದರು. ಸರಗೂರಿನವರಿಗೆ ವಯನಾಡು ದೂರದ ಸೀಮೆಯೂ ಅಲ್ಲ. ಕೋಟೆ, ಅಂತರಸಂತೆ ದಾಟಿ ಬಾವಲಿ ತಲಪಿದರೆ ಆಚೆಗೆ ವಯನಾಡೇ. ಶುಂಠಿ ಬೆಳೆಯಲು ಅಲ್ಲಿಯವರು ಇಲ್ಲಿಗೆ ಬರುತ್ತಾರೆ, ಕೂಲಿಗೆಂದು ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ.

ಆದರೆ ಈ ವೈರಸ್ ಬಾವಲಿಯ ಗೇಟು ದಾಟಿ ಬರಬೇಕಾಗಿಯೇ ಇಲ್ಲ. ಇದು ಪ್ರಪಂಚದ ಎಲ್ಲ ದೇಶಗಳಲ್ಲೂ ಇದೆ. ನಮ್ಮ ಊರುಗಳಲ್ಲಿ 'ಏನೋ ತಿಂದದ್ದು ಆಗಿಬರಲಿಲ್ಲ', 'ದೃಷ್ಟಿಯಾಗಿದೆ' ಎಂದು ಹೇಳಿ ಮುಗಿಸುವ ಎಷ್ಟೋ ವಾಂತಿ-ಭೇದಿಗಳ ಹಿಂದೆ ಇದು ಅಥವಾ ಇದರಂಥ ಇನ್ನೊಂದು ವೈರಸ್ ಇರುತ್ತದೆ.

ಹೆಸರು ಬಂದದ್ದು ಒಂದು ಶಾಲೆಯಿಂದ. ಅಮೆರಿಕದ ಒಹಾಯೊ ರಾಜ್ಯದಲ್ಲಿ ನಾರ್ವಾಕ್ ಎಂಬ ಊರು. 1968ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳು, ಶಿಕ್ಷಕರು ಸೇರಿ ಅರ್ಧದಷ್ಟು ಜನ ಒಮ್ಮೆಲೇ ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದರು. ಹುಡುಕಿದರೆ ಯಾವ ಬ್ಯಾಕ್ಟೀರಿಯವೂ ಸಿಗಲಿಲ್ಲ. ನಾಲ್ಕು ವರ್ಷ ಕಳೆದು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಮತ್ತು ಸಂಗಡಿಗರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಕಂಡುಹಿಡಿದರು. ಅಳತೆ ಸುಮಾರು 27 ನ್ಯಾನೋಮೀಟರ್. ಅಂದರೆ ಸಾಲಾಗಿ ಜೋಡಿಸುತ್ತ ಹೋದರೆ ಒಂದು ಮಿಲಿಮೀಟರ್ ಉದ್ದಕ್ಕೆ 37,000 ಬೇಕು! ಆದರೆ ಆ ಶಾಲೆಯ ಕಥೆಯಲ್ಲಿ ತಂದೆತಾಯಿಯರು ಗಮನಿಸಬೇಕಾದ ಸಂಗತಿ ಬೇರೆಯದು. ಕಾಯಿಲೆಯಾದವರ ಮನೆಗಳಲ್ಲಿ, ಶಾಲೆಯ ಮುಖವನ್ನೇ ನೋಡದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಹರಡಿತು. ಮಗು ಶಾಲೆಯಿಂದ ಮನೆಗೆ ತಂದದ್ದು ಪಾಠವನ್ನಷ್ಟೇ ಅಲ್ಲ.

ಇದನ್ನು ಗುರುತಿಸುವುದು ಹೇಗೆ? ಗಡಿಯಾರ ನೋಡಿ. ಮದುವೆ ಮನೆಯಲ್ಲಿ ಊಟ ಮಾಡಿದ ಒಂದರಿಂದ ಆರು ಗಂಟೆಯೊಳಗೆ ಒಂದೇ ಪಂಕ್ತಿಯವರೆಲ್ಲ ಒಟ್ಟಿಗೆ ವಾಂತಿ ಮಾಡತೊಡಗಿದರೆ, ಅದು ಬಹುಶಃ ಆಹಾರದಲ್ಲಿ ಬ್ಯಾಕ್ಟೀರಿಯ ಬೆಳೆದು ಬಿಟ್ಟುಹೋದ ವಿಷ. ನೊರೊವೈರಸ್ ಹಾಗಲ್ಲ. ಒಳಹೊಕ್ಕ ಮೇಲೆ ಅದಕ್ಕೆ 12ರಿಂದ 48 ಗಂಟೆ ಬೇಕು. ಸಂಜೆಯವರೆಗೆ ಆಡಿಕೊಂಡಿದ್ದ ಹುಡುಗ ನಡುರಾತ್ರಿ ಎದ್ದು ಇದ್ದಕ್ಕಿದ್ದಂತೆ ಕಾರುತ್ತಾನೆ. ಮತ್ತೆ ಮತ್ತೆ ವಾಂತಿ, ಹೊಟ್ಟೆ ನುಲಿತ, ನೀರಿನಂಥ ಭೇದಿ, ಮೈಕೈ ನೋವು, ಸಣ್ಣ ಜ್ವರ. ಒಂದೆರಡು ದಿನ ಕಳೆದು ಅವನ ತಂಗಿಗೆ, ಆಮೇಲೆ ಅಮ್ಮನಿಗೆ. ಹೀಗೆ ಒಬ್ಬರಾದ ಮೇಲೊಬ್ಬರು ಬಿದ್ದರೆ ಊಟವನ್ನು ದೂರುವುದು ಬಿಟ್ಟು ಅಂಟುವ ವೈರಸ್ ಎಂದು ತಿಳಿಯಬೇಕು. ಒಬ್ಬೊಬ್ಬರಿಗೆ ಇದು ಒಂದರಿಂದ ಮೂರು ದಿನ ಕಾಡಿ ತಾನಾಗಿ ನಿಲ್ಲುತ್ತದೆ. ಮಲದಲ್ಲಿ ರಕ್ತ, ಆಮ ಕಂಡರೆ ಅಥವಾ ಅಕ್ಕಿ ತೊಳೆದ ನೀರಿನಂತೆ ಬಿಂದಿಗೆಗಟ್ಟಲೆ ಹೋಗುತ್ತಿದ್ದರೆ ಅದು ಬೇರೆ ಕಾಯಿಲೆ. ಅಲ್ಲಿ ಮನೆಯ ಉಪಚಾರದಲ್ಲಿ ಹೊತ್ತು ಕಳೆಯಬಾರದು.

ತಾನಾಗಿ ನಿಲ್ಲುವ ಕಾಯಿಲೆಗೆ ಇಷ್ಟು ಮಾತು ಯಾಕೆ ಎಂದು ಕೇಳಬಹುದು. ಅದು ನಿಲ್ಲುವ ಮೊದಲು ಮೈಯ ನೀರು ಮುಗಿದುಹೋದರೆ? ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಬಹುಮಟ್ಟಿಗೆ ನೀರಿನ ಮತ್ತು ಲವಣಗಳ ನಷ್ಟವೇ. ಹೀಗಿರುವಾಗ ನಮ್ಮ ಮನೆಗಳಲ್ಲಿ ನಡೆಯುವುದು ತಿರುಗಾಮುರುಗಾ. 'ನೀರು ಕೊಟ್ಟಷ್ಟೂ ಹೋಗುತ್ತದೆ, ಹೊಟ್ಟೆ ಒಣಗಲಿ ಬಿಡು' ಎಂದು ಅಜ್ಜಿ ತಡೆಯುತ್ತಾರೆ. ಅಪ್ಪ ಔಷಧಿ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆಯನ್ನೂ ಜೊತೆಗೊಂದು ಆಂಟಿಬಯಾಟಿಕ್ಕನ್ನೂ ತರುತ್ತಾರೆ. ಆಂಟಿಬಯಾಟಿಕ್ ಕೆಲಸಮಾಡುವುದು ಬ್ಯಾಕ್ಟೀರಿಯದ ಮೇಲೆ, ವೈರಸ್ಸಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಭೇದಿ ಕಟ್ಟುವ ಮಾತ್ರೆ ಚಿಕ್ಕ ಮಕ್ಕಳಿಗೆ ಅಪಾಯಕಾರಿ. ಬೇಕಾದದ್ದು ಹೋದ ನೀರನ್ನು ಹಿಂದಕ್ಕೆ ತುಂಬುವ ಕೆಲಸ.

ಬರಿಯ ನೀರು ಸಾಲದೆ? ಸಾಲದು. ಇಲ್ಲಿ ವಿದ್ಯಾರ್ಥಿಗಳು ಒಂದು ಸ್ವಾರಸ್ಯವನ್ನು ತಿಳಿಯಬೇಕು. ಸಣ್ಣ ಕರುಳಿನ ಒಳಗೋಡೆಯ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ ಎಂದಿಟ್ಟುಕೊಳ್ಳಿ. ಸೋಡಿಯಂ ಒಂದೇ ಬಂದು ತಟ್ಟಿದರೆ ಅದು ತೆರೆಯದು, ಗ್ಲೂಕೋಸ್ ಒಂದೇ ಬಂದರೂ ತೆರೆಯದು. ಇಬ್ಬರೂ ಕೂಡಿ ಬಂದಾಗ ಮಾತ್ರ ತೆರೆಯುತ್ತದೆ. ಅವೆರಡೂ ಒಳಹೊಕ್ಕರೆ ನೀರು ಬೆನ್ನಹಿಂದೆಯೇ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮುಂದಿಟ್ಟರು. ಭೇದಿ ಜೋರಾಗಿರುವಾಗಲೂ ಈ ಬಾಗಿಲು ಬಹುಮಟ್ಟಿಗೆ ಕೆಲಸಮಾಡುತ್ತಲೇ ಇರುತ್ತದೆ ಎಂಬುದು ನಮ್ಮ ಭಾಗ್ಯ.

ಅದರ ಬೆಲೆ ಏನೆಂದು 1971ರಲ್ಲಿ ತಿಳಿಯಿತು. ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತು. ನೆಲದ ಮೇಲೆಲ್ಲ ರೋಗಿಗಳು; ರಕ್ತನಾಳಕ್ಕೆ ಹಾಕುವ ಬಾಟಲಿಗಳು ಸಾಲದಾದವು. ಆಗ ಡಾ. ದಿಲೀಪ್ ಮಹಲನೊಬಿಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಬೆರೆಸಿದ ನೀರನ್ನು ತಯಾರಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಕಡೆಯವರಿಗೇ ಒಪ್ಪಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಬರಬೇಕಿತ್ತು.

ಆ ನೀರೇ ಇಂದಿನ ಓಆರ್‌ಎಸ್. ಈಗಿನ ಲೀಟರ್ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡಿಗೆ ಉಪ್ಪು, 1.5 ಗ್ರಾಂ ಪೊಟಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಕೇಳಿದರೆ ಕೊಡುತ್ತಾರೆ. ಪೊಟ್ಟಣವನ್ನು ಅರ್ಧ ಅರ್ಧ ಮಾಡಿ ಬಳಸಬಾರದು. ಲೀಟರಿನದಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, 200 ಮಿಲಿಲೀಟರಿನದಾದರೆ ಅಷ್ಟೇ ನೀರಿಗೆ ಹಾಕಬೇಕು. 24 ಗಂಟೆ ಕಳೆದರೆ ಚೆಲ್ಲಿ ಹೊಸದಾಗಿ ಕದಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಸಮಚಮಚ ಎಂದರೆ ಗೋಪುರ ಬರದಂತೆ ಬೆರಳಿನಿಂದ ಸವರಿದ್ದು. ಉಪ್ಪು ಹೆಚ್ಚಾದರೆ ಕೇಡು. ರುಚಿ ಕಣ್ಣೀರಿಗಿಂತ ಉಪ್ಪಾಗಿರಬಾರದು.

ಅಂಗಡಿಯಲ್ಲಿ ಹಣ್ಣಿನ ಚಿತ್ರದ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಬರೆದು ಮಾರುತ್ತಿದ್ದ ಸಿಹಿ ಪಾನೀಯಗಳು ಬೇರೆಯೇ. ಈ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಸಕ್ಕರೆ ಅತಿಯಾದರೆ ಅದು ಮೈಯಿಂದಲೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಬಾಟಲಿಯ ಕೂಲ್ ಡ್ರಿಂಕ್ಸಿಗೂ ಇದೇ ಮಾತು.

ಎಷ್ಟು ಕೊಡಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ದೊಡ್ಡವರು ಬಾಯಾರಿಕೆ ತೀರುವಷ್ಟು. ಕುಡಿದದ್ದನ್ನು ಕಕ್ಕಿದರೆ ಹೆದರಿ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕೊಡುತ್ತ ಹೋದರೆ ನಿಲ್ಲುತ್ತದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ರಾತ್ರಿಯೆಲ್ಲ ಒಬ್ಬರು ಕೂರಬೇಕು. ಮೊಲೆಹಾಲನ್ನು ಯಾವ ಕಾರಣಕ್ಕೂ ಬಿಡಿಸಕೂಡದು. ಅಕ್ಕಿ ಗಂಜಿ, ಮಜ್ಜಿಗೆ, ರಾಗಿ ಅಂಬಲಿ, ಬಾಳೆಹಣ್ಣು, ಮೆತ್ತಗೆ ಕಲಸಿದ ಮೊಸರನ್ನ, ಮಗು ಕೇಳಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಹೊಟ್ಟೆ ಕಾಯಿಸುವುದರಿಂದ ಯಾವ ಲಾಭವೂ ಇಲ್ಲ. ಭೇದಿಯಾದ ಮಕ್ಕಳಿಗೆ ಆರೋಗ್ಯ ಕೇಂದ್ರದಲ್ಲಿ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಭೇದಿ ನಿಂತಿತೆಂದು ನಡುವೆ ಬಿಡದೆ 14 ದಿನ ಮುಗಿಸಬೇಕು.

ಇಷ್ಟರ ಮೇಲೂ ಕೆಲವು ಗುರುತುಗಳು ಕಂಡರೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆರೆಂಟು ಗಂಟೆಯಿಂದ ಮೂತ್ರವಿಲ್ಲ, ಅತ್ತರೂ ಕಣ್ಣೀರಿಲ್ಲ, ಕಣ್ಣು ಗುಳಿಬಿದ್ದಿದೆ, ಎಳೆಗೂಸಿನ ನೆತ್ತಿ ಒಳಕ್ಕೆ ಕುಸಿದಿದೆ, ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದೆ, ಕುಡಿಯುವ ಶಕ್ತಿಯೂ ಇಲ್ಲದೆ ಮಂಪರಿನಲ್ಲಿದೆ, ವಾಂತಿ ಹಸಿರು ಬಣ್ಣಕ್ಕೆ ತಿರುಗಿದೆ: ಇವುಗಳಲ್ಲಿ ಒಂದು ಕಂಡರೂ ಸಾಕು, ಆಸ್ಪತ್ರೆಗೆ ಹೊರಡಬೇಕು. ನೆತ್ತಿ ಕುಸಿದರೆ ಎಣ್ಣೆ ಹಚ್ಚಿ ಕೂರುವವರಿದ್ದಾರೆ. ಎಣ್ಣೆಯಿಂದ ಅದು ಏಳುವುದಿಲ್ಲ. ಕಾಡಂಚಿನ ಹಾಡಿಗಳಲ್ಲಿರುವವರು ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ, ದಾರಿಯುದ್ದಕ್ಕೂ ಓಆರ್‌ಎಸ್ ಚಮಚ ನಿಲ್ಲಿಸದೆ ಬರಬೇಕು. ಮುದುಕರು, ಬಸುರಿಯರ ವಿಷಯದಲ್ಲೂ ತಡಮಾಡಬಾರದು.

ಇನ್ನು ಮನೆಯ ಉಳಿದವರ ಮಾತು. ಒಬ್ಬನಿಗೆ ಕಾಯಿಲೆ ತರಲು ಇಪ್ಪತ್ತಕ್ಕಿಂತ ಕಡಿಮೆ ವೈರಸ್ ಕಣಗಳೂ ಸಾಕು ಎಂಬ ಅಂದಾಜಿದೆ. ರೋಗಿಯ ವಾಂತಿಯಲ್ಲಿ, ಮಲದಲ್ಲಿ ಅವು ಕೋಟಿಗಟ್ಟಲೆ. ವಾಂತಿ ನೆಲಕ್ಕೆ ಬಿದ್ದಾಗ ಕಣ್ಣಿಗೆ ಕಾಣದ ಹನಿಗಳು ಸುತ್ತ ಸಿಡಿಯುತ್ತವೆ. ಅದನ್ನು ಬಳಿದ ಕೈ ನಲ್ಲಿಯನ್ನು, ಬಾಗಿಲ ಅಗುಳಿಯನ್ನು, ಮೊಬೈಲನ್ನು ಮುಟ್ಟುತ್ತದೆ. ಕೊನೆಗೆ ಕುಡಿಯುವ ನೀರಿನ ಬಿಂದಿಗೆಗೆ ಲೋಟ ಅದ್ದುತ್ತದೆ. ಹಿಡಿಯಿರುವ ಸೌಟಿನಲ್ಲಿ ನೀರು ತೆಗೆಯುವ ಒಂದು ಅಭ್ಯಾಸ ಎಷ್ಟೋ ಮನೆಗಳನ್ನು ಉಳಿಸೀತು.

ಕೊರೋನಾದ ಕಾಲದಲ್ಲಿ ಕೊಂಡ ಸ್ಯಾನಿಟೈಸರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕೊರೋನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲಿಗೆ ಅದು ಕರಗುತ್ತಿತ್ತು. ನೊರೊವೈರಸ್ಸಿಗೆ ಆ ಹೊದಿಕೆಯಿಲ್ಲ, ಗಟ್ಟಿ ಪ್ರೋಟೀನಿನ ಚಿಪ್ಪು ಮಾತ್ರ. ಸೋಪು ಹಚ್ಚಿ ಉಜ್ಜಿ, ಹರಿಯುವ ನೀರಿನಲ್ಲಿ ಅದನ್ನು ಕೈಯಿಂದ ಜಾರಿಸಿ ಕಳಿಸುವುದೇ ಉಪಾಯ. ಶೌಚದ ನಂತರ, ಅಡಿಗೆಗೆ ಮೊದಲು, ಮಗುವಿನ ಬಟ್ಟೆ ಬದಲಿಸಿದ ಮೇಲೆ. ಕಾಯಿಲೆಯವರು ಅಡಿಗೆಗೆ ಕೈಹಾಕಬಾರದು. ಅಮ್ಮನಿಗೇ ಬಂದರೆ ಅಪ್ಪ ಒಲೆಯ ಮುಂದೆ ನಿಲ್ಲಲಿ, ಏನೂ ಕೆಡುವುದಿಲ್ಲ.

ವಾಂತಿ ಬಿದ್ದ ಜಾಗವನ್ನು ಗುಡಿಸಬಾರದು. ಹಳೆಯ ಬಟ್ಟೆ ಅಥವಾ ಕಾಗದದಿಂದ ತೆಗೆದು ಕಟ್ಟಿ ಬಿಸಾಡಿ, ಬಾವಿ-ಹೊಳೆಯಿಂದ ದೂರಕ್ಕೆ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯಾದ ಮೇಲಿನ ನೀರನ್ನು ಆ ಜಾಗಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಬೇಕು. ತೆರೆದಿಟ್ಟು ಹಳೆಯದಾದ ಪೌಡರಿನಲ್ಲಿ ಸತ್ವವಿರುವುದಿಲ್ಲ. ಆ್ಯಸಿಡ್ ಜೊತೆಗೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ರೋಗಿಯ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಪಿಲೆಯ ಮೆಟ್ಟಿಲಿಗೆ ಒಯ್ಯುವುದು ಬೇಡ, ಕೆಳಗಿನ ಊರಿನವರೂ ಆ ನೀರನ್ನೇ ಬಳಸುತ್ತಾರೆ.

ಎಳೆಮಕ್ಕಳಲ್ಲಿ ಇದಕ್ಕಿಂತ ಕ್ರೂರವಾದದ್ದು ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯದ ರುತ್ ಬಿಷಪ್ ಮತ್ತು ಸಂಗಡಿಗರು ಕಂಡುಹಿಡಿದದ್ದು. ನೋಟಕ್ಕೆ ಚಕ್ರದಂತಿರುವುದರಿಂದ ಆ ಹೆಸರು. ಇದರಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಮತ್ತು ಸಂಗಡಿಗರು ಅಲ್ಲಿನ ನವಜಾತ ಶಿಶುಗಳಲ್ಲಿ, ಭೇದಿಯೇ ಇಲ್ಲದ ಕೂಸುಗಳಲ್ಲಿ, ಒಂದು ರೋಟಾವೈರಸ್ಸನ್ನು ಕಂಡರು. ಐ321 ಎಂದು ಅದರ ಹೆಸರು. ಹೊರಮೈಯ ಪ್ರೋಟೀನುಗಳು ಹಸುವಿನ ರೋಟಾವೈರಸ್ಸಿನವಕ್ಕೆ ಬಹಳ ಹತ್ತಿರ. ಇದನ್ನೂ ದೆಹಲಿಯ ಶಿಶುಗಳಲ್ಲಿ ಸಿಕ್ಕ 116ಇ ಎಂಬುದನ್ನೂ ಲಸಿಕೆಗಾಗಿ ಪರೀಕ್ಷಿಸಿದಾಗ ದೆಹಲಿಯದು ಗೆದ್ದಿತು. ಅದರಿಂದಲೇ ತಯಾರಾದ ರೋಟಾವ್ಯಾಕ್ ಲಸಿಕೆ 2015ರಲ್ಲಿ ಬಂತು. ರೋಟಾವೈರಸ್ ಲಸಿಕೆ 2019ರ ಹೊತ್ತಿಗೆ ಎಲ್ಲ ರಾಜ್ಯಗಳ ಸರಕಾರಿ ಲಸಿಕೆ ಪಟ್ಟಿಗೆ ಸೇರಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕಿಸಬೇಕು, ಹಣ ಕೊಡಬೇಕಾಗಿಲ್ಲ. ನೊರೊವೈರಸ್ಸಿಗೆ ಇಂಥ ಲಸಿಕೆ ಇನ್ನೂ ಬಂದಿಲ್ಲ.

ವಾಂತಿ ನಿಂತ ಮಗುವನ್ನು ಮರುದಿನವೇ ಶಾಲೆಗೆ ಅಟ್ಟುವುದು ರೂಢಿ, ಪರೀಕ್ಷೆ ಹತ್ತಿರವಿದ್ದರಂತೂ ಸರಿಯೇ ಸರಿ. ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯುವ ತನಕ ಮನೆಯಲ್ಲಿರಬೇಕು. ಆಮೇಲೂ ಎರಡು ವಾರದವರೆಗೆ ಮಲದಲ್ಲಿ ವೈರಸ್ ಹೋಗುತ್ತಿರಬಹುದು. ಹಾಗಾಗಿ ಬಿಸಿಯೂಟಕ್ಕೆ ಕೂರುವ ಮೊದಲು ಕೈತೊಳೆಯುವ ನಲ್ಲಿಯ ಬಳಿ ಒಂದು ತುಂಡು ಸೋಪು ಇದೆಯೇ ಎಂದು ತಂದೆತಾಯಿಯರು ಶಾಲೆಗೆ ಹೋದಾಗ ಒಮ್ಮೆ ನೋಡಿ ಬರಬಹುದು.