ಫಾರ್ವರ್ಡ್ ಮಾಡೋ ಮುಂಚೆ ಉಗುರು ನೋಡಿ

ಹೋದ ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿಗೆ ಒಂದು ಚಿರತೆ ಬಂದಿತ್ತು. ಅಂದ್ರೆ, ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬಂದಿತ್ತು. ಹಾಸ್ಟೆಲ್ ಹಿಂದಿನ ನೀರಿನ ಟ್ಯಾಂಕ್ ಹತ್ತಿರ ಕೆಸರಿನಲ್ಲಿ ಒಂದು ಹೆಜ್ಜೆ ಗುರುತು ಕಂಡಿತು. ನಾಲ್ಕು ಬೆರಳು, ಹಿಂದೆ ಒಂದು ದಪ್ಪ ಅಂಗಾಲು. ಫೋಟೋ ತೆಗೆದವರು ನಾವೇ, ಆ್ಯಪ್‌ಗೆ ಹಾಕಿ ಕೇಳಿದವರೂ ನಾವೇ. ಆ್ಯಪ್ ಅಂದಿತು, ಲೆಪರ್ಡ್. ಸಂಜೆ ನಾಲ್ಕಕ್ಕೆ ಕ್ಲಾಸ್ ಗ್ರೂಪಿಗೆ ಹಾಕಿದ ಫೋಟೋ ರಾತ್ರಿ ಊಟದ ಹೊತ್ತಿಗೆ ಎಲ್ಲ ಬ್ರಾಂಚುಗಳನ್ನೂ ಸುತ್ತಿ, ಒಬ್ಬ ಸೀನಿಯರ್ ಅಮ್ಮನ ಫೋನಿನಿಂದ ನಮಗೇ ವಾಪಸ್ ಬಂತು. ಅಷ್ಟರಲ್ಲಿ ಚಿರತೆಗೆ ಎರಡು ಮರಿಗಳೂ ಹುಟ್ಟಿದ್ದವು!

ಮಾರನೇ ದಿನ ಬೆಳಿಗ್ಗೆ ಹಿಂದಿನ ಗೇಟ್ ಮುಚ್ಚಿದರು. ಮುಚ್ಚಿದ್ದು ಒಂಬತ್ತು ದಿನ.

ನಮಗೆ ಆ ಗೇಟ್ ಬೇಕಾಗಿದ್ದು ಟೀ ಅಂಗಡಿಗೆ ಮಾತ್ರ. ಆದರೆ ಮೆಸ್ಸಿನಲ್ಲಿ ಕೆಲಸ ಮಾಡೋ ಅಕ್ಕಂದಿರು ಆ ಗೇಟಿನಿಂದಲೇ ಹತ್ತು ನಿಮಿಷ ನಡೆದು ತಮ್ಮ ಊರು ಸೇರುತ್ತಾರೆ. ಆ ಒಂಬತ್ತು ದಿನ ರಾತ್ರಿ ಪಾತ್ರೆ ತೊಳೆದ ಮೇಲೆ ಮೇನ್ ಗೇಟಿನಿಂದ ಹೊರಟು, ಲಾರಿಗಳು ಓಡಾಡೋ ಹೆದ್ದಾರಿ ಪಕ್ಕದಲ್ಲಿ ಕತ್ತಲಲ್ಲಿ ಮೂರು ಕಿಲೋಮೀಟರ್ ಸುತ್ತು ಹಾಕಿ ಮನೆಗೆ ಹೋದರು. ಐದನೇ ದಿನ ಸಾರು ಬಡಿಸುತ್ತಾ ಒಬ್ಬ ಅಕ್ಕ ನಗುತ್ತಲೇ ಹೇಳಿದರು: "ಫೋಟೋ ಹಾಕ್ದೋರು ನೀವು ಕಣ್ರಪ್ಪಾ, ನಡೀತಿರೋರು ನಾವು." ಅವತ್ತು ನಮಗೆ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಇಷ್ಟಕ್ಕೂ ಅದು ಚಿರತೆ ಅಲ್ಲ ಅಂತ ಮೊದಲ ದಿನವೇ ಒಬ್ಬರು ಹೇಳಿದ್ದರು. ನೈಟ್ ಡ್ಯೂಟಿ ಗಾರ್ಡ್ ಅಂಕಲ್. ಗುಂಡ್ಲುಪೇಟೆ ಕಡೆಯವರು, ಕಾಡಂಚಿನ ಊರಲ್ಲಿ ದನ ಕಾದು ಬೆಳೆದವರು. ಟಾರ್ಚ್ ಬಿಟ್ಟು ನೋಡಿ, "ನಾಯಿ ಹೆಜ್ಜೆ ಕಣಪ್ಪಾ ಇದು. ಉಗುರು ಕಾಣ್ತಾ ಇಲ್ವಾ?" ಅಂದರು. ನಾವು ಮೊಬೈಲ್ ತೋರಿಸಿ, "ಅಂಕಲ್, ಆ್ಯಪ್ ನೋಡಿ, ಚಿರತೆ ಅಂತಿದೆ" ಅಂದೆವು. ಅವರು ಸುಮ್ಮನಾದರು. ಎಂಟು ದಿನ ಬಿಟ್ಟು ಅರಣ್ಯ ಇಲಾಖೆಯವರು ಬಂದರು. ಫೋಟೋ ನೋಡಿ ಹತ್ತು ಸೆಕೆಂಡಿನಲ್ಲಿ ಅವರು ಹೇಳಿದ್ದೂ ಅದೇ ಮಾತು, ಉಗುರು.

ಹಾಗಾದರೆ ಉಗುರಿನ ಕಥೆ ಏನು? ಬೆಕ್ಕಿನ ಜಾತಿಯ ಪ್ರಾಣಿಗಳು, ಅಂದರೆ ನಮ್ಮ ಹುಲಿ, ಚಿರತೆ, ಕಾಡುಬೆಕ್ಕು, ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ಹಾಗಾಗಿ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ನಾಯಿ, ನರಿ, ಸೀಳುನಾಯಿ, ಕತ್ತೆಕಿರುಬಗಳಿಗೆ ಆ ಸೌಲಭ್ಯ ಇಲ್ಲ. ಬೆರಳಿನ ಮುಂದೆ ಚುಕ್ಕೆ ಇಟ್ಟ ಹಾಗೆ ಉಗುರು ಮೂಡುತ್ತದೆ. ಜಾರುವ ಕೆಸರಿನಲ್ಲಿ ಚಿರತೆಯೂ ಉಗುರು ಊರಬಹುದು, ಅದಕ್ಕೇ ಉಗುರೊಂದನ್ನೇ ನಂಬಿ ಕೂರಬಾರದು. ಇನ್ನೂ ಎರಡು ನೋಡಬೇಕು. ನಾಯಿಯ ಹೆಜ್ಜೆ ಉದ್ದುದ್ದ, ನಡುವಿನ ಎರಡು ಬೆರಳು ಸಮ. ಬೆಕ್ಕಿನ ಜಾತಿಯದು ದುಂಡು, ಅದರಲ್ಲಿ ಒಂದು ಬೆರಳು ನಮ್ಮ ಮಧ್ಯದ ಬೆರಳಿನ ಹಾಗೆ ಸ್ವಲ್ಪ ಮುಂದಿರುತ್ತದೆ. ಅಂಗಾಲಿನ ಹಿಂಬದಿ ಅಂಚು ಬೆಕ್ಕಿನ ಜಾತಿಯಲ್ಲಿ ಮೂರು ಉಬ್ಬಾಗಿ ಕಾಣುತ್ತದೆ. ಕೊನೆಗೆ ಅಳತೆ. ಚಿರತೆಯ ಹೆಜ್ಜೆ ಸುಮಾರು 7-8 ಸೆಂ.ಮೀ. ಅಗಲ, ಬೆಳೆದ ಹುಲಿಯದು 10 ಸೆಂ.ಮೀ. ದಾಟುತ್ತದೆ. ನಮ್ಮ ಫೋಟೋದಲ್ಲಿ ಅಳತೆಗೆ ಅಂತ ಒಂದು ಪೆನ್ ಕೂಡ ಇಟ್ಟಿರಲಿಲ್ಲ. ಡ್ರಾಯಿಂಗ್ ಶೀಟಿನಲ್ಲಿ ಸ್ಕೇಲ್ ಬರೆಯದಿದ್ದರೆ ಮಾರ್ಕ್ಸ್ ಕಟ್ ಆಗುತ್ತೆ ಅಂತ ಗೊತ್ತಿರೋ ನಾವು!

ಗೇಟ್ ತೆರೆದ ಮೇಲೆ ನಾಚಿಕೆಯಿಂದಲೇ ಅಂಕಲ್ ಹತ್ತಿರ ಹೋಗಿ, ಇನ್ನೂ ಏನೇನು ಇದೆ ತೋರಿಸಿ ಅಂತ ಕೇಳಿದೆವು. ಒಂದು ಭಾನುವಾರ ಬೆಳಿಗ್ಗೆ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು, ಕಾಂಪೌಂಡ್ ಉದ್ದಕ್ಕೂ ಕರೆದುಕೊಂಡು ಹೋದರು. ಎರಡು ವರ್ಷದಿಂದ ಓಡಾಡಿದ ಜಾಗವೇ. ಗೋಡೆ ಮೇಲೆ ಬರೀ ಬೀಜಗಳೇ ತುಂಬಿದ್ದ ಮಲ, ರಾತ್ರಿ ಹಣ್ಣು ತಿಂದು ಹೋದ ಪುನುಗು ಬೆಕ್ಕಿನದು. ಹುಲ್ಲಿನಲ್ಲಿ ಗುಂಡು ಗುಂಡಾದ ಮೊಲದ ಹಿಕ್ಕೆ. ನೇಗಿಲಿಲ್ಲದೇ ಉತ್ತ ಹಾಗಿದ್ದ ಮಣ್ಣು, ಗೆಡ್ಡೆ ಹುಡುಕಿದ ಕಾಡುಹಂದಿಯ ಕೆಲಸ. ಬೇಲಿ ಸಂದಿಯಲ್ಲಿ ಕಪ್ಪು ಬಿಳಿ ಪಟ್ಟೆಯ ಒಂದು ಮುಳ್ಳು, ಮುಳ್ಳುಹಂದಿ ಬಿಟ್ಟು ಹೋದದ್ದು. ಅದನ್ನು ರೂಮಿಗೆ ತರೋಣ ಅಂತ ಎತ್ತಿದ್ದೆವು. "ಇದ್ದಲ್ಲೇ ಇರ್ಲಿ ಬಿಡಿ" ಅಂದರು, ವಾಪಸ್ ಇಟ್ಟೆವು.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆ ಇದೆ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡಿದರೂ, ಎಲ್ಲ ಪ್ರಾಣಿಯದ್ದಕ್ಕೂ ನಮ್ಮ ಹತ್ತಿರ ಇದ್ದದ್ದು ಒಂದೇ ಪದ, ಅದನ್ನು ಇಲ್ಲಿ ಬರೆಯೋಕಾಗಲ್ಲ. ಹಸು, ಎಮ್ಮೆಯದು ಸಗಣಿ. ಆನೆ, ಕುದುರೆ, ಕತ್ತೆಯದು ಲದ್ದಿ. ಆಡು, ಕುರಿ, ಜಿಂಕೆ, ಮೊಲದ್ದು ಹಿಕ್ಕೆ. ಇಷ್ಟು ಗೊತ್ತಿರೋ ಹಳ್ಳಿ ಹುಡುಗ "ದಾರೀಲಿ ಲದ್ದಿ ಬಿದ್ದಿದೆ, ಇನ್ನೂ ಬಿಸಿ ಇದೆ" ಅಂದರೆ, ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ ಹೋಯಿತು, ವಾಪಸ್ ತಿರುಗಬೇಕಾ, ಎಲ್ಲಾ ಅದರಲ್ಲೇ ಬಂತು. ಕನ್ನಡ ಸಂಘದಲ್ಲಿ ನಾವು ಭಾಷೆ ಉಳಿಸಬೇಕು ಅಂತ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಉಳಿಸಬೇಕಾದ ಪದಗಳು ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವು, ನಾವು ಐಡಿ ಕಾರ್ಡ್ ತೋರಿಸಿ ದಾಟಿ ಹೋಗುತ್ತಿದ್ದೆವು.

ಈ ಲೇಖನದ ಡ್ರಾಫ್ಟ್ ಓದಿದ ಗೆಳೆಯರೊಬ್ಬರು ಒಂದು ಒಳ್ಳೆಯ ಆಕ್ಷೇಪ ಎತ್ತಿದರು: "ಹೆಜ್ಜೆ ಗುರುತು ನಂಬೋಕಾಗಲ್ಲ ಅಂತಾನೇ ಹುಲಿ ಗಣತಿಯಲ್ಲಿ ಅದನ್ನು ಕೈಬಿಟ್ಟರು ತಾನೇ?" ನಿಜ. 1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಅವರು ಹೆಜ್ಜೆ ಗುರುತಿನಿಂದ ಹುಲಿ ಎಣಿಸುವ ವಿಧಾನ ರೂಪಿಸಿದರು. ಹೆಜ್ಜೆಯ ಮೇಲೆ ಗಾಜಿಟ್ಟು ಅದರ ಆಕಾರ ಬರೆದುಕೊಳ್ಳುವುದು, ಆಮೇಲೆ ಹೋಲಿಸಿ ಇದು ಈ ಹುಲಿ, ಅದು ಆ ಹುಲಿ ಅಂತ ಲೆಕ್ಕ ಹಾಕುವುದು. 1972ರ ಗಣತಿಯ 1,827 ಹುಲಿಗಳ ಲೆಕ್ಕ ಬಂದದ್ದು ಹೀಗೆ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಮೂಡುತ್ತದೆ. ನಾಗರಹೊಳೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಉಲ್ಲಾಸ ಕಾರಂತರು ಇದನ್ನು ಪ್ರಶ್ನಿಸಿದರು. ಪ್ರತಿ ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ ಬೇರೆ ಬೇರೆ, ಆದ್ದರಿಂದ ಕ್ಯಾಮೆರಾ ಟ್ರ್ಯಾಪ್ ಬಳಸಿ ಎಣಿಸಬೇಕು ಅಂದರು. ರಾಜಸ್ಥಾನದ ಸರಿಸ್ಕಾದಲ್ಲಿ ಲೆಕ್ಕದಲ್ಲಿದ್ದ ಹುಲಿಗಳು ಕಾಡಿನಲ್ಲಿ ಒಂದೂ ಉಳಿದಿಲ್ಲ ಅಂತ 2005ರಲ್ಲಿ ಬಯಲಾಯಿತು. ಆಮೇಲೆ ದೇಶದ ಗಣತಿ ವಿಧಾನವೇ ಬದಲಾಯಿತು.

ಆದರೆ ಸೋತದ್ದು ಯಾವುದು ಅಂತ ಸರಿಯಾಗಿ ನೋಡಬೇಕು. ಹೆಜ್ಜೆ ನೋಡಿ 'ಇದು ಯಾವ ಹುಲಿ' ಅಂತ ಹೇಳೋಕೆ ಹೋದದ್ದು ಸೋತಿತು. 'ಇದು ಹುಲಿಯೋ, ಚಿರತೆಯೋ, ನಾಯಿಯೋ' ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಹೆಜ್ಜೆ ಇವತ್ತಿಗೂ ಉತ್ತರ ಕೊಡುತ್ತದೆ. 2018ರ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು 3.48 ಕೋಟಿ ಫೋಟೋ ತೆಗೆದರು. ಅದೇ ಗಣತಿಯಲ್ಲಿ ಸಿಬ್ಬಂದಿ ಕಾಡಿನಲ್ಲಿ 5,22,996 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೆಜ್ಜೆ, ಮಲ, ಮರದ ಮೇಲಿನ ಪರಚು ಗುರುತು ಹುಡುಕುತ್ತಾ ನಡೆದರು. ಕ್ಯಾಮೆರಾವನ್ನು ಯಾವ ಮರಕ್ಕೆ ಕಟ್ಟಬೇಕು ಅಂತ ಕ್ಯಾಮೆರಾಗೆ ಗೊತ್ತಾಗಲ್ಲ. ನೆಲ ನೋಡಿ ನಡೆಯುವವರೇ ಹೇಳಬೇಕು.

ಇದನ್ನು ಅರ್ಥ ಮಾಡಿಕೊಂಡ ಎಂಜಿನಿಯರಿಂಗ್ ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲೂಯಿಸ್ ಲೀಬೆನ್‌ಬರ್ಗ್ ಎಂಬವರು ಸೈಬರ್‌ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ರೂಪಿಸಿದರು. ಓದು ಬರಹ ಬಾರದ, ಆದರೆ ಹೆಜ್ಜೆ ಓದುವುದರಲ್ಲಿ ನಿಪುಣರಾದ ಟ್ರ್ಯಾಕರ್‌ಗಳು ತಾವು ಕಂಡದ್ದನ್ನು ಚಿತ್ರ ಒತ್ತಿ ದಾಖಲಿಸುವ ಹಾಗೆ ಮಾಡಿದರು. ಮೆಷೀನು ಅವರ ಬದಲಿಗೆ ನೋಡಲಿಲ್ಲ, ಅವರು ನೋಡಿದ್ದನ್ನು ಕಳೆದುಹೋಗದ ಹಾಗೆ ಬರೆದಿಟ್ಟಿತು. ನಮ್ಮಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ಟೀಮ್ 'ಎಐ ಬೇಸ್ಡ್ ಅನಿಮಲ್ ಡಿಟೆಕ್ಷನ್' ಅಂತ ಪ್ರಾಜೆಕ್ಟ್ ಮಾಡುತ್ತೆ. ಅದರಲ್ಲಿ ಎಷ್ಟು ಟೀಮ್ ಗಾರ್ಡ್ ಅಂಕಲ್ ಜೊತೆ ಒಂದು ಸಲ ಕೂತು ಮಾತಾಡಿದೆ?

ಇನ್ನೊಂದು ವಾದವೂ ಇದೆ: "ಚಿರತೆ ಅಲ್ಲದಿದ್ದರೇನಾಯ್ತು, ಹುಷಾರಾಗಿರೋದು ಒಳ್ಳೇದಲ್ವಾ?" ಭಯ ಸುಳ್ಳಲ್ಲ, ನಾವೂ ಒಪ್ಪುತ್ತೇವೆ. 2016ರಲ್ಲಿ ಬೆಂಗಳೂರಿನ ಶಾಲೆಯೊಂದರ ಒಳಗೇ ಚಿರತೆ ನುಗ್ಗಿತ್ತು. 2022-23ರಲ್ಲಿ ತಿ. ನರಸೀಪುರ ತಾಲೂಕಿನಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಆದರೆ ಅದಕ್ಕೇ ನಾವು ಹೇಳೋದು, ನಿಜವಾದದ್ದು ಬಂದಾಗ ಗುರುತು ಹಿಡಿಯೋಕೆ ಬರಬೇಕು. ನಾಯಿಗೆಲ್ಲ ಚಿರತೆ ಅಂತ ಕೂಗಿದರೆ, ನಿಜವಾದ ಚಿರತೆಯ ದಿನ ಯಾರೂ ತಿರುಗಿ ನೋಡಲ್ಲ.

ಇದು ಬರೀ ಕಲ್ಪನೆ ಅಲ್ಲ. ಆ ಭಾನುವಾರ ಅಂಕಲ್ ತಮ್ಮ ನೈಟ್ ರಿಜಿಸ್ಟರ್ ತೆಗೆದು ತೋರಿಸಿದರು. ನಮ್ಮ ಫೋಟೋಗಿಂತ ಎರಡು ತಿಂಗಳ ಹಿಂದಿನ ಪುಟ. ಕನ್ನಡದಲ್ಲಿ, ನೀಟಾದ ಅಕ್ಷರದಲ್ಲಿ ಬರೆದಿತ್ತು: ಹಿಂದಿನ ಕಾಂಪೌಂಡ್ ಆಚೆ, ಕಾಲುವೆ ಮರಳಿನಲ್ಲಿ ಹೆಜ್ಜೆ, ದುಂಡಗಿದೆ, ಉಗುರಿಲ್ಲ, ನಾಲ್ಕು ಬೆರಳಿನಷ್ಟು ಅಗಲ. ನಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ಸ್ಕೇಲಿಟ್ಟು ನೋಡಿದೆವು. ಏಳೂವರೆ ಸೆಂಟಿಮೀಟರ್. ಪುಟದ ಕೆಳಗೆ ದಿನಾ ಬೀಳುವ ಹಾಗೆ ಒಂದು ಸಹಿ ಬಿದ್ದಿತ್ತು. ಓದಿ ಹಾಕಿದ್ದೋ, ಓದದೇ ಹಾಕಿದ್ದೋ, ಗೇಟಂತೂ ಆಗ ಮುಚ್ಚಿರಲಿಲ್ಲ. ಆ ಕಾಲುವೆ ಪಕ್ಕದಲ್ಲೇ ಅಕ್ಕಂದಿರು ರಾತ್ರಿ ನಡೆಯುತ್ತಿದ್ದರು. ಅವರಿಗೆ "ಒಬ್ಬೊಬ್ಬರೇ ಹೋಗ್ಬೇಡಿ" ಅಂತ ಹೇಳಿ ಎರಡು ವಾರ ಅಲ್ಲೀವರೆಗೂ ಟಾರ್ಚ್ ಹಿಡಿದು ಬಿಟ್ಟು ಬಂದವರು ಅಂಕಲ್ ಒಬ್ಬರೇ. ನಮ್ಮ ತಪ್ಪು ಫೋಟೋಗೆ ಇಡೀ ಕಾಲೇಜು ಓಡಿತು, ಅವರ ಸರಿಯಾದ ಸಾಲನ್ನು ಯಾರೂ ಕೇಳಲಿಲ್ಲ.

ಹಾಗಾಗಿ ನಮ್ಮ ಬೇಡಿಕೆಗಳು ಇಷ್ಟೇ. ಒಂದು, ಹೆಜ್ಜೆ ಕಂಡರೆ ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಒಂದೇ ಹೆಜ್ಜೆ ಅಲ್ಲ, ಸಾಲು ಹೆಜ್ಜೆ ತೆಗೆಯಿರಿ. ಮಲವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆಮೇಲೆ ಗ್ರೂಪಿಗಲ್ಲ, ಮೊದಲು ಗಾರ್ಡ್ ರೂಮಿಗೆ ತೋರಿಸಿ. ಎರಡು, ನೈಟ್ ರಿಜಿಸ್ಟರನ್ನು ಪ್ರತಿ ದಿನ ಬೆಳಿಗ್ಗೆ ಕನ್ನಡ ಓದೋಕೆ ಬರುವ ಒಬ್ಬರು ನಿಜವಾಗಿಯೂ ಓದಬೇಕು, ಸಂಶಯ ಬಂದರೆ ಅರಣ್ಯ ಇಲಾಖೆಗೆ ಅದೇ ದಿನ ಫೋನ್ ಹೋಗಬೇಕು. ಮೂರು, ಗೇಟ್ ಮುಚ್ಚುವುದಾದರೆ ಮೆಸ್ ಅಕ್ಕಂದಿರಿಗೆ ಕಾಲೇಜ್ ಬಸ್ ಕೊಟ್ಟು ಆಮೇಲೆ ಮುಚ್ಚಬೇಕು. ನಾಲ್ಕನೆಯದು ನಮ್ಮ ಸಂಘಕ್ಕೇ. ಈ ರಾಜ್ಯೋತ್ಸವಕ್ಕೆ ಒಂದು ಭಾಷಣ ಕಡಿಮೆ ಮಾಡಿ, ಗಾರ್ಡ್ ಅಂಕಲ್‌ರನ್ನು ಸ್ಟೇಜಿಗೆ ಅಲ್ಲ, ಕಾಂಪೌಂಡ್ ಪಕ್ಕಕ್ಕೆ ಅತಿಥಿಯಾಗಿ ಕರೆಯೋಣ. ಡ್ಯೂಟಿ ಟೈಮಿನಲ್ಲಿ, ಅತಿಥಿಗಳಿಗೆ ಕೊಡೋ ಗೌರವಧನ ಕೊಟ್ಟು.

ನಾವಂತೂ ಆ ಆ್ಯಪ್ ಡಿಲೀಟ್ ಮಾಡಿಲ್ಲ. ಈಗಲೂ ಕೇಳುತ್ತೇವೆ, ಆದರೆ ಮೊದಲು ಬಗ್ಗಿ ನೋಡುತ್ತೇವೆ. ಮೊನ್ನೆ ಟ್ಯಾಂಕ್ ಹತ್ತಿರ ಮತ್ತೆ ಹೆಜ್ಜೆ ಕಂಡಿತು. ನಾಲ್ಕು ಬೆರಳು, ಉದ್ದುದ್ದ, ಮುಂದೆ ಚುಕ್ಕೆ ಚುಕ್ಕೆ ಉಗುರು. ಮೆಸ್ ಹಿಂದೆ ಮಲಗೋ ಕರಿಯನೇ ಇರಬೇಕು. ಫೋಟೋ ತೆಗೆಯದೇ ಟೀ ಕುಡಿಯೋಕೆ ಹಿಂದಿನ ಗೇಟಿನಿಂದಲೇ ಹೋದೆವು.