ಗದ್ದಲಕ್ಕೆ ಕನ್ನಡದಲ್ಲಿ ಹೆಸರಿಲ್ಲವೆ?

ನಮ್ಮ ಮೈಸೂರಿನ ವಿದ್ಯಾವಂತರ ಮನೆಗಳಲ್ಲಿ ಈಚೀಚೆಗೆ ಒಂದು ಬಗೆಯ ಮಾತಿನ ದಾರಿದ್ರ್ಯವು ಕಾಣಿಸಿಕೊಂಡಿದೆ. ಕಿವಿಗೆ ಕಠೋರವಾದುದು ಏನು ಬಿದ್ದರೂ ಅದನ್ನು ಹೇಳುವುದಕ್ಕೆ 'ಸೌಂಡು' ಎಂಬ ಪದವೊಂದೇ. ಮಗು ಹಟಮಾಡಿ ಅತ್ತರೆ ಸೌಂಡು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಸೌಂಡು. ಬೀದಿಯಲ್ಲಿ ಬಸ್ಸಿನವನು ಹಾರನ್ ಒತ್ತಿದರೆ ಸೌಂಡು. ಮದುವೆಯ ಛತ್ರದ ಅಬ್ಬರಕ್ಕೆ ನೆರೆಮನೆಯ ಕಿಟಕಿಯ ಗಾಜು ಅದುರಿದರೂ ಸೌಂಡು. ಸ್ವಲ್ಪ ಹೆಚ್ಚು ಓದಿದವರು 'ನಾಯ್ಸು' ಎನ್ನುವರು. ಇನ್ನೂ ಹೆಚ್ಚು ಓದಿದವರು 'ಡಿಸ್ಟರ್ಬೆನ್ಸು' ಎನ್ನುವರು. ಇದು ನಾಲಗೆಯ ಚಾಪಲ್ಯವೆಂದು ನಕ್ಕು ಬಿಡತಕ್ಕ ವಿಷಯವಲ್ಲ. ನಮ್ಮ ವಿವೇಚನೆಗೇ ತಗುಲಿರುವ ಕುಂದೆಂಬುದನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಮೊದಲು ಇಂಗ್ಲಿಷನ್ನೇ ನೋಡೋಣ. ಆ ಭಾಷೆಯಲ್ಲಿ 'ಸೌಂಡ್' ಎಂಬುದು ಗುಣವನ್ನಾಗಲಿ ದೋಷವನ್ನಾಗಲಿ ಹೇಳದ ಸಾಮಾನ್ಯ ಪದ. ವೀಣೆಯ ನಾದವೂ ಸೌಂಡೇ, ಗರಗಸದ ಕೊರೆತವೂ ಸೌಂಡೇ. "ಸೌಂಡ್ ಮಾಡಬೇಡ" ಎಂದು ನಾವು ಮಕ್ಕಳನ್ನು ಗದರಿಸುವ ರೀತಿಯನ್ನು ಇಂಗ್ಲಿಷರು ಕೇಳಿದರೆ, ಅದರಲ್ಲಿ ಗದರಿಕೆ ಎಲ್ಲಿದೆಯೆಂದು ಹುಡುಕಬೇಕಾದೀತು. ಅಹಿತವಾದುದಕ್ಕೆ ಅವರಲ್ಲಿ ಬೇರೆಬೇರೆ ಪದಗಳುಂಟು. ಬಿಡುವಿಲ್ಲದೆ ಕಿವಿಯನ್ನು ಕೊರೆಯುವುದು 'ಡಿನ್'. ಮನೆಮಾತಿನ ಸಲಿಗೆಯಲ್ಲಿ ಬೈದು ಹೇಳುವುದು 'ರ್ಯಾಕೆಟ್'. ಹಲವರು ಕೂಡಿ ಕೂಗುವುದು, ಬೇಕುಬೇಕೆಂದು ಹಟಹಿಡಿಯುವುದು 'ಕ್ಲ್ಯಾಮರ್'. ಗಟ್ಟಿಯಾದ ವಸ್ತುಗಳು ಒಂದಕ್ಕೊಂದು ತಾಗುವುದು 'ಕ್ಲ್ಯಾಟರ್'. ಕಹಳೆಯಂತೆ ಮೊಳಗಿ ಮೇಲೆ ಬೀಳುವುದು 'ಬ್ಲೇರ್'. 'ನಾಯ್ಸ್' ಎಂಬುದು ಫ್ರೆಂಚಿನಿಂದ ಬಂದ ಮಾತು. ವಾಕರಿಕೆಯೆಂಬ ಅರ್ಥವುಳ್ಳ ಲ್ಯಾಟಿನ್ ಪದವೇ ಅದರ ಮೂಲವೆಂದು ನಿಘಂಟುಕಾರರಲ್ಲಿ ಹಲವರ ಮತ. ನಮ್ಮ ಮಕ್ಕಳು ಪರೀಕ್ಷೆಗಾಗಿ ಈ ಪದಗಳನ್ನು ಉರುಹೊಡೆಯುತ್ತಾರೆ. ಮನೆಗೆ ಬಂದು ಸೌಂಡು ಎನ್ನುತ್ತಾರೆ. ಆದುದರಿಂದ ನಾವು ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಹಿಡಿದೆವೆಂದು ಹೆಮ್ಮೆಪಡುವುದಕ್ಕೂ ಆಸ್ಪದವಿಲ್ಲ, ಎರಡನ್ನೂ ಬಿಟ್ಟಿದ್ದೇವೆ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಮಾತುಗಳಿಲ್ಲವೆ? ಇಲ್ಲವೆನ್ನುವವರು ತಮ್ಮ ಅಜ್ಜಿಯರ ಮಾತನ್ನು ಕಿವಿಗೊಟ್ಟು ಕೇಳದವರು. 'ಸದ್ದು' ಸಾಮಾನ್ಯ ಪದ. 'ಸಪ್ಪಳ' ಹೆಜ್ಜೆಯಿಂದಲೋ ತಾಗುವಿಕೆಯಿಂದಲೋ ಹುಟ್ಟುವುದು. ಹಲವರು ಒಟ್ಟಿಗೆ ಮಾತನಾಡಿ ಯಾರ ಮಾತೂ ಕೇಳಿಸದಂತಾಗುವುದು 'ಗದ್ದಲ'. ಅದರಲ್ಲಿ ಜಗಳದ ವಾಸನೆ ಸೇರಿದರೆ 'ಗಲಾಟೆ'. ಬಾಯಿಂದ ಬಾಯಿಗೆ ಹಬ್ಬಿ ಊರನ್ನೇ ಎಬ್ಬಿಸುವುದು 'ಗುಲ್ಲು'. ತನ್ನ ಬಲವನ್ನು ತಾನೇ ಮೆರೆಸಿಕೊಳ್ಳುವುದು 'ಅಬ್ಬರ'. ಎದುರಿದ್ದವನನ್ನು ಹೆದರಿಸುವುದು 'ಆರ್ಭಟ'. ಹಟದಿಂದ ಹೊರಳಾಡಿ ಮನೆಮಂದಿಯನ್ನೆಲ್ಲ ಕುಣಿಸುವುದು 'ರಂಪ'. ಒಂದೇ ಗಂಟಲಿನಿಂದ ಹೊರಡುವುದಾದರೂ ನೋವಿನಿಂದಲೋ ಭಯದಿಂದಲೋ ಬಂದದ್ದು ಚೀರು, ಕೀರಲಾದದ್ದು ಕಿರುಚು, ಒರಟಾದದ್ದು ಅರಚು, ದುಃಖದಿಂದ ನೀಳವಾದದ್ದು ಒರಲು. ಇನ್ನು ವೈಯಾಕರಣರು ಅನುಕರಣಾವ್ಯಯಗಳೆಂದು ಕರೆಯುವ ಮಾತುಗಳಿಗೆ ಲೆಕ್ಕವೇ ಇಲ್ಲ: ಬಾಗಿಲು ಕಿರ್ರೆನ್ನುವುದು, ಲಾರಿ ಗಡಗಡನೆ ಹೋಗುವುದು, ಗಂಟೆ ಢಣಢಣಿಸುವುದು, ಪಟಾಕಿ ಢಮಾರೆನ್ನುವುದು. ರೆವರೆಂಡ್ ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆದು ಇಂಥವನ್ನು ಹುಡುಕುವವರಿಗೆ ಒಂದು ಸಂಜೆ ಸಾಲದು. ಜರ್ಮನಿಯಿಂದ ಬಂದವರೊಬ್ಬರು ಆದರದಿಂದ ಕೂಡಿಸಿಟ್ಟುದನ್ನು ಮೈಸೂರಿನವರಾದ ನಾವು ಸೂರೆಹೋಗಲು ಬಿಟ್ಟಿದ್ದೇವೆ.

ಪದಗಳು ಹೋದರೆ ಹೋಗಲಿ, ಅರ್ಥ ತಿಳಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಇಲ್ಲಿಯೇ ಪ್ರಮಾದವಿರುವುದು. ಮೇಲೆ ಹೇಳಿದ ಕನ್ನಡದ ಮಾತುಗಳಲ್ಲಿ ಬಹುಪಾಲು, ಸದ್ದನ್ನು ಮಾತ್ರವಲ್ಲದೆ ಸದ್ದುಮಾಡಿದವನನ್ನೂ ತೋರಿಸುತ್ತವೆ. ತಪ್ಪು ಎಷ್ಟೆಂಬುದನ್ನೂ ತೂಗಿ ಹೇಳುತ್ತವೆ. 'ಅಬ್ಬರ' ಎಂದೊಡನೆ ಅಬ್ಬರಿಸಿದವನು ಯಾರೆಂಬ ಪ್ರಶ್ನೆ ಏಳುತ್ತದೆ. 'ಸೌಂಡು' ಎಂದರೆ ಅದು ಮಳೆಯಂತೆ, ಗಾಳಿಯಂತೆ, ಯಾರೂ ಮಾಡದೆ ತಾನಾಗಿ ಬಂದದ್ದಾಗಿಬಿಡುತ್ತದೆ. ಈ ಅನುಕೂಲಕ್ಕಾಗಿಯೇ ಆ ಪದ ನಮಗೆ ಪ್ರಿಯವಾಗಿದೆಯೋ ಏನೋ! ದೇವರಾಜ ಮಾರುಕಟ್ಟೆಯ ಬಳಿ ಹೂವಿನವನು ಹೊಟ್ಟೆಪಾಡಿಗಾಗಿ ಕೂಗಿದರೆ ನಮಗೆ ಅದು 'ನ್ಯೂಸೆನ್ಸು'. ಸಂತೆಗೆ ಬಂದವರು ಗಟ್ಟಿಯಾಗಿ ಮಾತನಾಡಿಕೊಂಡರೆ 'ಗಲಾಟೆ'. ನಮ್ಮ ಮನೆಯ ಆರತಕ್ಷತೆಯಲ್ಲಿ ಗೋಡೆ ನಡುಗಿದರೆ ಮಾತ್ರ ಅದು 'ಸೌಂಡ್ ಸಿಸ್ಟಮ್'. ಬಡವನ ಕೂಗಿಗೆ ನಿಂದೆಯ ಹೆಸರು, ನಮ್ಮ ಅಬ್ಬರಕ್ಕೆ ಯಂತ್ರದ ಹೆಸರು! ಇದು ಭಾಷೆಯ ಲೋಪವಲ್ಲ, ನ್ಯಾಯದ ಲೋಪ.

ಸರ್ಕಾರದ ಕಾಗದಪತ್ರಗಳೂ ಈ ದಾರಿದ್ರ್ಯದಿಂದ ಪಾರಾಗಿಲ್ಲ. ಅಲ್ಲಿ ಗದ್ದಲದ ಪಿಡುಗಿಗೆ 'ಶಬ್ದಮಾಲಿನ್ಯ'ವೆಂದು ಹೆಸರಿಟ್ಟಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ವ್ಯಾಕರಣಕ್ಕೆ 'ಶಬ್ದಮಣಿದರ್ಪಣ'ವೆಂದು ಹೆಸರಿಟ್ಟು, ಶಬ್ದದ್ರವ್ಯವು ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿದನು. ಮಾತಿಗೂ ಶಬ್ದವೆಂದು ಹೆಸರಿರುವ ನಾಡಿನಲ್ಲಿ ಲೌಡ್‌ಸ್ಪೀಕರಿನ ಬೊಬ್ಬೆಯನ್ನು ಅದೇ ಹೆಸರಿನಿಂದ ಕರೆದುದು ಶಬ್ದಕ್ಕೆ ಮಾಡಿದ ಅನ್ಯಾಯ. ಹೆಸರು ಹಾಗಿದ್ದರೂ ನಿಯಮ ಮಾತ್ರ ಸ್ಪಷ್ಟವಾಗಿದೆ. ೨೦೦೦ದಲ್ಲಿ ಭಾರತ ಸರ್ಕಾರವು ಹೊರಡಿಸಿದ ನಿಯಮಗಳು ಜನವಸತಿಯ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂದು ಮಿತಿಯಿಟ್ಟವು. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯವರೆಗೆ. ಆಸ್ಪತ್ರೆ, ವಿದ್ಯಾಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರಿನೊಳಗಿನ ನಿಶ್ಶಬ್ದ ವಲಯಕ್ಕೆ ಮಿತಿ ಹಗಲು ೫೦, ರಾತ್ರಿ ೪೦. ಹತ್ತು ಡೆಸಿಬೆಲ್ ಏರಿತೆಂದರೆ ಧ್ವನಿಯ ಶಕ್ತಿ ಹತ್ತರಷ್ಟಾಯಿತೆಂದು ತಿಳಿಯಬೇಕು. ಆದರೆ ಇರ್ವಿನ್ ರಸ್ತೆಯ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ಕೈಯಲ್ಲಿ ಅಳೆಯುವ ಯಂತ್ರವಿರುವುದಿಲ್ಲ. ಅವನಿಗೆ ಇರುವುದು ಬಾಯಿಮಾತೊಂದೇ. "ಸೌಂಡು ಜಾಸ್ತಿ" ಎಂಬ ದೂರಿಗೂ, "ರಾತ್ರಿ ಹನ್ನೊಂದರವರೆಗೆ ಛತ್ರದವರು ಕಿವಿ ಗಡಚಿಕ್ಕುವಂತೆ ಅಬ್ಬರಿಸಿದರು" ಎಂಬ ದೂರಿಗೂ ಎಷ್ಟು ಅಂತರವೆಂಬುದನ್ನು ವಾಚಕರೇ ನೋಡಲಿ. ಎರಡನೆಯದರಲ್ಲಿ ಹೊತ್ತು, ಸ್ಥಳ, ಕರ್ತೃ, ಅಪರಾಧ ಎಲ್ಲವೂ ಇವೆ.

ದೊಡ್ಡ ಸದ್ದೆಲ್ಲ ಕೆಟ್ಟದೆಂಬುದು ನನ್ನ ವಾದವಲ್ಲ. ಜಂಬೂಸವಾರಿಯ ದಿವಸ ಇಪ್ಪತ್ತೊಂದು ಬಾರಿ ಹಾರಿಸುವ ಫಿರಂಗಿಗೆ ನಮ್ಮ ಊರಿನವರು 'ಕುಶಾಲತೋಪು' ಎಂದರು; ಹೆಸರಿನಲ್ಲಿಯೇ ಸಂತೋಷವಿದೆ, ಗೌರವವಿದೆ. ಆನೆಕುದುರೆಗಳು ಬೆದರದಿರಲೆಂದು ಮೊದಲೇ ತಾಲೀಮನ್ನೂ ಮಾಡಿಸುತ್ತಾರೆ. ಮೃಗಗಳ ಕಿವಿಗೆ ತೋರಿಸುವ ಈ ದಾಕ್ಷಿಣ್ಯವನ್ನು ನೆರೆಮನೆಯ ಮುದುಕರಿಗೂ ಹಸುಗೂಸುಗಳಿಗೂ ನಾವು ತೋರಿಸುತ್ತಿಲ್ಲವಲ್ಲ!

ಇದು ಮಡಿವಂತಿಕೆಯ ವಾದವೆಂಬ ಆಕ್ಷೇಪ ಬರುವುದು ಸಹಜ. ಹಾರನ್ನು, ಮೈಕು, ಲೌಡ್‌ಸ್ಪೀಕರು ಎಂಬವು ವಸ್ತುವಿನೊಡನೆ ಬಂದ ಹೆಸರುಗಳು. ಅವು ಇರಲಿ, ಅವುಗಳಿಗೆ ಸಂಸ್ಕೃತದ ಪಾಗು ಸುತ್ತಬೇಕಾಗಿಲ್ಲ. ವಸ್ತುವನ್ನು ಹೊರಗಿನಿಂದ ತರಿಸಿಕೊಳ್ಳಬಹುದು. ಒಳ್ಳೆಯದು ಕೆಟ್ಟದೆಂಬ ತೀರ್ಪನ್ನು ಹೊರಗಿನಿಂದ ತರಿಸಿಕೊಳ್ಳಲಾಗದು. ಇನ್ನು ಅರಚು, ರಂಪ, ಗುಲ್ಲು ಎಂಬವು ಗ್ರಾಮ್ಯವೆಂದು ಮೂಗುಮುರಿಯುವವರಿಗೆ ಒಂದೇ ಉತ್ತರ: ಕೃತ್ಯವೇ ಗ್ರಾಮ್ಯವಾಗಿರುವಾಗ ಹೆಸರು ನಾಗರಿಕವಾಗಿರಬೇಕೆಂದು ಬಯಸುವುದು ಕಪಟ.

ಉಪಾಧ್ಯಾಯರು 'ಡಿನ್', 'ಕ್ಲ್ಯಾಮರ್'ಗಳನ್ನು ಅವಶ್ಯವಾಗಿ ಕಲಿಸಲಿ. ಜೊತೆಗೆ ಅವಕ್ಕೆ ಸಮನಾದ ಮನೆಮಾತುಗಳನ್ನು ಮಕ್ಕಳಿಂದಲೇ ಹೇಳಿಸಲಿ. ಮೈಸೂರು ವಿಶ್ವವಿದ್ಯಾನಿಲಯವು ೧೯೪೬ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟು ಇಂಥ ಕೆಲಸಕ್ಕಾಗಿಯೇ ಹುಟ್ಟಿದ್ದು. ಮನೆಯ ಹಿರಿಯರು ದೂರನ್ನು ಕನ್ನಡದಲ್ಲಿ ಬರೆಯಲಿ, ಸರಿಯಾದ ಪದವನ್ನು ಹಾಕಿ ಬರೆಯಲಿ. ಎಲ್ಲಕ್ಕಿಂತ ಮೊದಲು, ನಮ್ಮ ಮನೆಯ ಶುಭಕಾರ್ಯದ ದಿವಸ ನಾವು ಮಾಡುವುದಕ್ಕೂ ಅದೇ ಪದವನ್ನು ಹಾಕಿ ನೋಡೋಣ. ಅಬ್ಬರವನ್ನು ಅಬ್ಬರವೆಂದು ಕರೆಯಲು ಕಲಿತವನಿಗೆ ಅಬ್ಬರಿಸಲು ಸ್ವಲ್ಪ ನಾಚಿಕೆಯಾದರೂ ಆದೀತು.