ಅಮ್ಮಿಯ ಟ್ರಂಕಿನ ಬೆಳ್ಳಿ

ಅಮ್ಮಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಣ್ಣ, ನಾನು ಮತ್ತು ತಂಗಿ ಮೂವರೂ ಉಗಾರ ಬುದ್ರುಕದ ತವರುಮನೆಯಲ್ಲಿ ಸೇರಿದೆವು. ಆಸ್ತಿಪಾಸ್ತಿ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಸ್ವಲ್ಪ ಕಬ್ಬಿನ ಹೊಲ, ಈ ಮನೆ, ಅಟ್ಟದ ಮೇಲಿನ ಒಂದು ಕಬ್ಬಿಣದ ಟ್ರಂಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಅಮ್ಮಿ ಅಕ್ಕಿ ಚೀಲವನ್ನು ಬಿಟ್ಟು ಆ ಟ್ರಂಕನ್ನು ಅಟ್ಟಕ್ಕೆ ಏರಿಸಿಸಿದ್ದರು. ಅಂದಿನಿಂದ ಅದು ಕೆಳಗೆ ಇಳಿದಿರಲಿಲ್ಲ.

ತೆರೆದು ನೋಡಿದರೆ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಸಾಮಾನುಗಳು. ಆರು ಬೆಳ್ಳಿ ಲೋಟ, ಉದ್ದ ಕತ್ತಿನ ಒಂದು ಗುಲಾಬ್‌ದಾನಿ, ಒಂದು ಅತ್ತರ್‌ದಾನಿ, ಅಂಗೈಯಗಲದ ಒಂದು ತಟ್ಟೆ. ಇವಲ್ಲದೆ ಮುಂಬೈಯಲ್ಲಿ ಅಡುಗೆಯ ಕೆಲಸಕ್ಕಿದ್ದ ನಾನಾ ತಂದ ಒಂದು ಚಹದ ಕೆಟಲಿ, ಕಪ್ಪು ಮೈಯ ಮೇಲೆ ಬೆಳ್ಳಿಯ ಹೂಬಳ್ಳಿಯಿರುವ ಒಂದು ಬೀದರ್ ಸುರಾಹಿ. ಎಲ್ಲವೂ ಮಸಿ ಹಿಡಿದಂತೆ ಕಪ್ಪಾಗಿದ್ದವು.

ಕರಗಿಸಿ ಹಣ ಮಾಡಿ ಹಂಚಿಕೊಂಡರೆ ಯಾರಿಗೂ ತಕರಾರಿಲ್ಲ ಎಂದರು ಅಣ್ಣ. ಮಾತು ಸರಿಯಾಗಿಯೇ ಇತ್ತು. ನಾವು ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಒಟ್ಟು ನಾಲ್ಕು ಪಾಲು ಮಾಡಿದರೆ ಅಣ್ಣನಿಗೆ ಎರಡು, ನಮಗೆ ಒಂದೊಂದು. ಗುಲಾಬ್‌ದಾನಿಯನ್ನು ನಾಲ್ಕು ಪಾಲು ಮಾಡಲು ಬರುತ್ತದೆಯೇ? ಹೆಣ್ಣುಮಕ್ಕಳ ಪಾಲನ್ನೇ ಮರೆತುಬಿಡುವ ಮನೆಗಳು ಎಷ್ಟೋ ಇರುವಾಗ ಪಾಲಿನ ಮಾತನ್ನು ತಾನಾಗಿಯೇ ಎತ್ತಿದ ಅಣ್ಣನ ಮೇಲೆ ನನಗೆ ಅಭಿಮಾನವೇ ಮೂಡಿತು. ನಾನು ಹೂಂ ಎಂದೆ.

ಮರುದಿನ ಅಣ್ಣ ಪಕ್ಕದ ಪೇಟೆಯ ಸರಾಫರ ಅಂಗಡಿಗೆ ಹೋದರು. ನಾನು ಅರ್ಧ ಗಂಟೆ ತಡವಾಗಿ ಸೇರಿಕೊಂಡೆ. ಅಷ್ಟರಲ್ಲಿ ಗುಲಾಬ್‌ದಾನಿಯ ಕತ್ತು ಬೇರೆ, ಹೊಟ್ಟೆ ಬೇರೆ ಆಗಿ ತಕ್ಕಡಿಯಲ್ಲಿ ಬಿದ್ದಿತ್ತು. "ಒಳಗ ಅರಗು ತುಂಬಿರ್ತಾರ್ರಿ ಅಕ್ಕಾರ, ಕತ್ತರಿಸಿ ನೋಡ್ಬೇಕಾಗ್ತದ" ಎಂದರು ಅವರು. ಅರಗು ಇರಲಿಲ್ಲ. ನನ್ನ ನಿಕಾಹ್ ದಿನ ಬಾಗಿಲಲ್ಲಿ ನಿಂತು ಬಂದವರ ಮೇಲೆಲ್ಲ ಪನ್ನೀರು ಚಿಮುಕಿಸುತ್ತಿದ್ದ ಅಮ್ಮಿಯ ಕೈ ನನಗೆ ಆ ಕ್ಷಣ ನೆನಪಾಯಿತು. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಲೋಟಗಳನ್ನೂ ತಟ್ಟೆಯನ್ನೂ ತೂಗಿ ಆಗಿತ್ತು. ಹಳೆಯ ಮಾಲು, ಮಿಶ್ರ ಬೆಳ್ಳಿ ಎಂದು ತೂಕದಲ್ಲಿ ಕಾಲು ಭಾಗ ಕಳೆದರು. ಆ ಲೆಕ್ಕ ಸರಿಯೋ ತಪ್ಪೋ ತಿಳಿಯಲು ನಮ್ಮ ಬಳಿ ಯಾವ ಸಾಧನವೂ ಇರಲಿಲ್ಲ. ಕೆಟಲಿಯನ್ನು ಒರೆಗೆ ಹಚ್ಚಿ ನೋಡಿ, "ಇದು ಬೆಳ್ಳಿ ಅಲ್ರಿ" ಎಂದು ಪಕ್ಕಕ್ಕೆ ಸರಿಸಿದರು. ಸುರಾಹಿಯನ್ನು ಮುಟ್ಟಲೂ ಇಲ್ಲ. ಅತ್ತರ್‌ದಾನಿಯನ್ನು ನಾನು ಕೈಯಿಂದ ಎತ್ತಿಕೊಂಡೆ.

ಆ ರಾತ್ರಿಯಿಂದ ಈ ಹಳೆಯ ಬೆಳ್ಳಿಯ ವಿಷಯವನ್ನು ಒಂದಿಷ್ಟು ಓದಿ ತಿಳಿಯತೊಡಗಿದೆ. ಜಗತ್ತಿನಲ್ಲಿ ಇಂಥ ಸಾಮಾನುಗಳನ್ನು ಸಂಗ್ರಹಿಸುವ ದೊಡ್ಡ ಬಳಗವೇ ಇದೆ. ಇಂಗ್ಲೆಂಡಿನ ಚಹದ ಪಾತ್ರೆ, ಇರಾನಿನ ಗುಲಾಬ್‌ದಾನಿ, ನಮ್ಮ ಕಛ್ ಭುಜ್‌ನ ಕೆತ್ತನೆಯ ಬಟ್ಟಲು, ಕಟಕ್‌ನ ಬೆಳ್ಳಿ ತಂತಿಯ ಪೆಟ್ಟಿಗೆ ಹೀಗೆ ದೇಶದೇಶಗಳ ವಸ್ತುಗಳನ್ನು ಹುಡುಕಿ ಕೊಳ್ಳುತ್ತಾರೆ. ಅವರು ಮೊದಲು ನೋಡುವುದು ತೂಕವನ್ನಲ್ಲ. ಪಾತ್ರೆಯನ್ನು ಮಗುಚಿ ತಳದ ಮುದ್ರೆಯನ್ನು ನೋಡುತ್ತಾರೆ. ಇಂಗ್ಲೆಂಡಿನ ಅಪ್ಪಟ ಬೆಳ್ಳಿಯ ಮೇಲೆ ನಡೆಯುವ ಸಿಂಹದ ಮುದ್ರೆ ಇರುತ್ತದೆ. ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಜೊತೆಗೆ ಊರಿನ ಗುರುತು. ಬರ್ಮಿಂಗ್‌ಹ್ಯಾಮ್ ಆದರೆ ಲಂಗರು, ಲಂಡನ್ ಆದರೆ ಚಿರತೆಯ ತಲೆ. ವರ್ಷಕ್ಕೊಂದು ಅಕ್ಷರವೂ ಇರುತ್ತದೆ. ಇನ್ನೂರು ವರ್ಷದ ಹಿಂದಿನ ಚಮಚವಾದರೂ ಯಾವ ಊರು, ಯಾವ ವರ್ಷ ಎಂದು ಹೇಳಿಬಿಡಬಹುದು. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದಿದ್ದೇ 2005ರಲ್ಲಿ. ಅಜ್ಜಿಯರ ಕಾಲದ ಪಾತ್ರೆಗಳಿಗೆ ಮುದ್ರೆ ಎಲ್ಲಿಂದ ಬರಬೇಕು? ನಮ್ಮಲ್ಲಿ ರಾಣಿ ಛಾಪಿನ, ರಾಜನ ಛಾಪಿನ ರೂಪಾಯಿಗಳನ್ನೇ ಅಕ್ಕಸಾಲಿಗನ ಕೈಗೆ ಕೊಟ್ಟು ಲೋಟ ಮಾಡಿಸುತ್ತಿದ್ದರು. 1940ಕ್ಕೆ ಮುಂಚಿನ ಆ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇರುತ್ತಿತ್ತು. ತೂಕ ಸರಿಯಾಗಿ ಒಂದು ತೊಲ. ಅಮ್ಮಿಯ ಲೋಟಗಳೂ ಹಾಗೆ ಆದವೇ ಎಂದು ನಾನಿ ಹೇಳುತ್ತಿದ್ದುದು ನನಗೆ ನೆನಪಿದೆ. ಹಾಗಿದ್ದರೆ ಕಾಲು ಭಾಗ ಕಳೆದದ್ದು ಯಾವ ಲೆಕ್ಕದಲ್ಲಿ? ಈಗ ಕೇಳಿ ಫಲವಿಲ್ಲ. ಸಹೋದರಿಯರೇ, ನೀವು ಮಾರುವುದಾದರೆ ಮೊದಲು ಹಾಲ್‌ಮಾರ್ಕ್ ಕೇಂದ್ರದಲ್ಲೋ ಯಂತ್ರವಿರುವ ಅಂಗಡಿಯಲ್ಲೋ ಶುದ್ಧತೆಯನ್ನು ಪರೀಕ್ಷೆ ಮಾಡಿಸಿ. ಅದಕ್ಕೆ ಪಾತ್ರೆಯನ್ನು ತುಂಡು ಮಾಡಬೇಕಾಗಿಲ್ಲ.

ನಾನಾರ ಕೆಟಲಿಯ ತಳದಲ್ಲಿ ಮುದ್ರೆ ಇತ್ತು. ಇ ಪಿ ಎನ್ ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು, ಕೆಳಗೆ ಶೆಫೀಲ್ಡ್ ಎಂಬ ಊರ ಹೆಸರು. ತಾಮ್ರ, ನಿಕ್ಕಲ್, ಸತುವು ಬೆರೆಸಿದ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಪದರ ಹಚ್ಚಿದ್ದು ಎಂದು ಅದರ ಅರ್ಥ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕುಟುಂಬದವರು ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಸಾಧಾರಣ ಮನೆಗಳ ಮೇಜಿನ ಮೇಲೂ ಬೆಳ್ಳಿಯಂಥ ಪಾತ್ರೆಗಳು ಕಾಣಿಸಿಕೊಂಡವು. ನಮ್ಮ ಪೇಟೆಯಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲೂ ಬೆಳ್ಳಿ ಇರುವುದಿಲ್ಲ. ಹೆಸರಿಗೆ ಮೋಸ ಹೋಗಿ ಮದುವೆಯ ಉಡುಗೊರೆ ಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ.

ಆದರೆ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತು. ಆರು ಲೋಟ ಇದ್ದೂ ಅಮ್ಮಿ ಅವುಗಳಲ್ಲಿ ಯಾರಿಗೂ ಒಂದು ಗುಟುಕು ಶರಬತ್ತು ಕೊಟ್ಟವರಲ್ಲ. ಚಿಕ್ಕವಳಿದ್ದಾಗ ಅದನ್ನು ಜಿಪುಣತನ ಎಂದುಕೊಂಡಿದ್ದೆ. ಚಿನ್ನ ಮತ್ತು ಬೆಳ್ಳಿಯ ಪಾತ್ರೆಗಳಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಪ್ರವಾದಿಯವರು(ಸ) ತಡೆದಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಹುದೈಫಾ(ರ) ಮತ್ತು ಉಮ್ಮು ಸಲಮಾ(ರ) ಅವರ ವರದಿಗಳಿವೆ. ಇದು ಗಂಡಸರಿಗೂ ಹೆಂಗಸರಿಗೂ ಸಮಾನ. ಆಭರಣದಲ್ಲಿ ನಮಗಿರುವ ಅನುಮತಿ ಪಾತ್ರೆಗೆ ಅನ್ವಯಿಸುವುದಿಲ್ಲ. ಅಮ್ಮಿಗೆ ಇದು ಗೊತ್ತಿತ್ತು. ಮದುವೆಯಲ್ಲಿ ಬಂದ ಉಡುಗೊರೆಯನ್ನು ಎಸೆಯಲೂ ಆಗದೆ ಬಳಸಲೂ ಆಗದೆ ಟ್ರಂಕಿಗೆ ಹಾಕಿದ್ದರು.

ಇನ್ನೊಂದು ವರದಿ ನನ್ನ ಮನಸ್ಸಿಗೆ ಬಹಳ ಹತ್ತಿರವಾಯಿತು. ಪ್ರವಾದಿಯವರ(ಸ) ಬಟ್ಟಲೊಂದು ಒಡೆದಾಗ ಆ ಬಿರುಕಿನ ಜಾಗವನ್ನು ಬೆಳ್ಳಿಯ ಸರಪಳಿಯಿಂದ ಬಿಗಿಸಲಾಗಿತ್ತು ಎಂದು ಅನಸ್(ರ) ತಿಳಿಸುತ್ತಾರೆ. ಬುಖಾರಿಯಲ್ಲಿ ಇದಿದೆ. ಹಾಗಾಗಿ ಬೇರೆ ಲೋಹದ ಪಾತ್ರೆಯಲ್ಲಿ ಸ್ವಲ್ಪ ಬೆಳ್ಳಿಯ ಕೆಲಸವಿದ್ದರೆ ಏನು ಎಂಬುದನ್ನು ಫಿಕ್‌ಹ್‌ನ ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಬಾಯಿ ತಾಗುವ ಜಾಗದಲ್ಲಿ ಬೆಳ್ಳಿ ಇರದಿದ್ದರೆ ಅಡ್ಡಿಯಿಲ್ಲ ಎಂಬುದು ಇಮಾಮ್ ಅಬೂ ಹನೀಫಾರ ಅಭಿಪ್ರಾಯ.

ಕಲೆಯ ಇತಿಹಾಸ ಬರೆದವರಲ್ಲಿ ಹಲವರು ಈ ನಿಷೇಧದ ಒಂದು ಫಲವನ್ನು ಗುರುತಿಸಿದ್ದಾರೆ. ಬೆಳ್ಳಿಯ ಊಟದ ತಟ್ಟೆ ಬೇಡವೆಂದಾದಾಗ ಮುಸ್ಲಿಮ್ ಕುಶಲಕರ್ಮಿಗಳ ಕೈ ಬೇರೆ ಕಡೆಗೆ ಹರಿಯಿತು. ಒಂಬತ್ತನೆಯ ಶತಮಾನದ ಇರಾಕಿನಲ್ಲಿ ಮಣ್ಣಿನ ಪಾತ್ರೆಗೆ ಲೋಹದ ಹೊಳಪು ಕೊಡುವುದನ್ನು ಕಲಿತರು. ಮೌಸಿಲ್ ನಗರದಲ್ಲಿ ಹಿತ್ತಾಳೆಯನ್ನು ಕೊರೆದು ಬೆಳ್ಳಿಯನ್ನು ಕೂರಿಸಿದರು. ಅಲ್ಲಿ 1232ರಲ್ಲಿ ಶುಜಾ ಬಿನ್ ಮನ್‌ಅ ಎಂಬವರು ಮಾಡಿ ತಮ್ಮ ಹೆಸರು ಕೆತ್ತಿದ ಹೂಜಿಯೊಂದು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಇಂಥ ಕಸುಬು ನಮ್ಮ ರಾಜ್ಯದಲ್ಲೇ ಬೀದರಿನಲ್ಲಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿ ಬೇರೂರಿತು ಎಂದು ಹೇಳುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಹೂಬಳ್ಳಿ ಕೊರೆದು, ಆ ಕೊರೆತದೊಳಕ್ಕೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕಡೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದರಿ ಸಾಮಾನುಗಳನ್ನು ಇಟ್ಟಿದ್ದರು. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ನಮ್ಮ ಸರಾಫರು ಮುಟ್ಟದೆ ಬಿಟ್ಟ ಸುರಾಹಿ ಇದೇ ಕೆಲಸದ್ದು. ಅದರಲ್ಲಿರುವ ಬೆಳ್ಳಿಯನ್ನು ತೂಗಿದರೆ ಎಷ್ಟು ಬಂದೀತು? ಕೈಕೆಲಸಕ್ಕೆ ತಕ್ಕಡಿಯಲ್ಲಿ ಜಾಗವಿಲ್ಲ.

ಹೈದರಾಬಾದಿಗೆ ಹೋದವರು ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಬಿದರಿ ವಿಭಾಗವನ್ನು ತಪ್ಪದೆ ನೋಡಿ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ನಿಜಾಮರ ದಿವಾನರಾಗಿದ್ದವರು. ಮದುವೆಯಾಗದೆ ಉಳಿದು ದೇಶವಿದೇಶಗಳ ವಸ್ತುಗಳನ್ನು ಕೊಳ್ಳುವುದರಲ್ಲೇ ಜೀವನ ಕಳೆದರು. 1949ರಲ್ಲಿ ಅವರು ತೀರಿಕೊಂಡಾಗ ಮಕ್ಕಳಿರಲಿಲ್ಲ. 1951ರ ಡಿಸೆಂಬರಿನಲ್ಲಿ ಅವರ ಸಂಗ್ರಹ ಸಾರ್ವಜನಿಕರ ಮುಂದೆ ತೆರೆಯಿತು. ಒಬ್ಬರ ಹುಚ್ಚು ಇಂದು ಎಲ್ಲರ ಸೊತ್ತು. ಅದೇ ಊರಿನ ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಮ್ಮಿನಿಂದ 2018ರ ಸೆಪ್ಟೆಂಬರಿನಲ್ಲಿ ಚಿನ್ನದ ಟಿಫಿನ್ ಬಾಕ್ಸ್ ಕಳುವಾಗಿತ್ತು. ಸುಮಾರು ಒಂದು ವಾರದಲ್ಲೇ ಕಳ್ಳರು ಸಿಕ್ಕಿದರು. ಅವರಲ್ಲೊಬ್ಬ ಅದರಲ್ಲಿ ಊಟ ಮಾಡುತ್ತಿದ್ದನೆಂದು ಪೊಲೀಸರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಓದಿ ನಕ್ಕಿದ್ದೆ.

ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಲೋಟ, ಗುಲಾಬ್‌ದಾನಿ, ಅತ್ತರ್‌ದಾನಿ, ತಟ್ಟೆ ಸೇರಿ 970 ಗ್ರಾಂ ಇತ್ತು. ಸರಾಫರು ಕಳೆದಷ್ಟನ್ನು ಬಿಟ್ಟರೂ 700 ಗ್ರಾಂಗೆ ಮೇಲೆ. ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ, ಎಂದರೆ 612.36 ಗ್ರಾಂ. ಹಾಗಾದರೆ ಅಮ್ಮಿಯ ಮೇಲೆ ವರ್ಷವರ್ಷವೂ ನಲವತ್ತರಲ್ಲಿ ಒಂದು ಪಾಲು ಝಕಾತ್ ಇತ್ತು. ಮೈಮೇಲಿನ ಬಂಗಾರಕ್ಕೆ ರಮಝಾನಿನಲ್ಲಿ ಲೆಕ್ಕ ಹಾಕಿ ಕೊಡುತ್ತಿದ್ದ ಅಮ್ಮಿಗೆ ಟ್ರಂಕಿನ ಪಾತ್ರೆಯೂ ಲೆಕ್ಕಕ್ಕೆ ಸೇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಓದಿದ ನಾವಾದರೂ ಕೇಳಲಿಲ್ಲ. ಈ ಒಂದು ವಿಷಯ ನನ್ನನ್ನು ಗುಲಾಬ್‌ದಾನಿಗಿಂತ ಹೆಚ್ಚು ನೋಯಿಸಿತು. ಪರಿಚಯದ ಆಲಿಮರನ್ನು ವಿಚಾರಿಸಿದೆವು. ಅಮ್ಮಿ ವಸೀಯತ್ ಮಾಡಿಲ್ಲವಾದ್ದರಿಂದ ನಿಮ್ಮ ಮೇಲೆ ಕಡ್ಡಾಯವಿಲ್ಲ, ವಾರಸುದಾರರೆಲ್ಲ ಮನಃಪೂರ್ವಕ ಒಪ್ಪಿ ಕೊಟ್ಟರೆ ಉತ್ತಮ ಎಂದರು. ಬೆಳ್ಳಿ ಮಾರಿ ಬಂದ ಹಣ ಹೆಚ್ಚುಕಡಿಮೆ ಅದಕ್ಕೇ ಹೋಯಿತು. ಅಣ್ಣ ಒಂದು ಮಾತೂ ಆಡಲಿಲ್ಲ. ಮೊದಲು ಮುಖ ಸಣ್ಣಗೆ ಮಾಡಿಕೊಂಡಿದ್ದ ಭಾಭಿ ಕೊನೆಗೆ ತಾವೇ ಪಕ್ಕದ ಓಣಿಯ ವಿಧವೆಯರ ಹೆಸರು ಬರೆದುಕೊಟ್ಟರು.

ಉಳಿದದ್ದು ಅತ್ತರ್‌ದಾನಿ, ಸುರಾಹಿ, ಕೆಟಲಿ. ಅತ್ತರ್‌ದಾನಿಯನ್ನು ಅಂದಿನ ದರದಲ್ಲಿ ಬೆಲೆ ಕಟ್ಟಿ ತಂಗಿ ತೆಗೆದುಕೊಂಡಳು, ನಮ್ಮ ಪಾಲಿನ ಹಣವನ್ನು ಕೈಗೇ ಕೊಟ್ಟಳು. ಬಳಸುವುದಿಲ್ಲ, ಅಮ್ಮಿಯ ನೆನಪಿಗೆ ಇರಲಿ ಎಂದಳು. ಹಾಗೆ ಇಟ್ಟುಕೊಳ್ಳುವುದೂ ಬೇಡ ಎನ್ನುವ ವಿದ್ವಾಂಸರಿದ್ದಾರೆ ಎಂದು ಅವಳಿಗೆ ಹೇಳಿದ್ದೇನೆ. ಯೋಚಿಸುತ್ತೇನೆ ಎಂದಿದ್ದಾಳೆ. ಅವಳ ಮಗ ದುಬೈಯಲ್ಲಿದ್ದಾನೆ, ಅಲ್ಲಿಗೆ ಒಯ್ಯಲು ಕೇಳುತ್ತಿದ್ದಾನಂತೆ. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ ಎಂದು 1972ರ ಪ್ರಾಚ್ಯವಸ್ತು ಕಾಯ್ದೆ ಹೇಳುತ್ತದೆ. ಅದರ ವಯಸ್ಸು ಗೊತ್ತಾಗದೆ ಕಳಿಸಬೇಡ ಎಂದೆ.

ಸುರಾಹಿ ನನ್ನ ಬಳಿ ಇದೆ. ಹುಣಸೆಹುಳಿ, ಬೂದಿ, ಹಲ್ಲುಪುಡಿ ಯಾವುದರಿಂದಲೂ ಬಿದರಿಯನ್ನು ತಿಕ್ಕಬೇಡಿ, ಕಪ್ಪು ಬಣ್ಣ ಹೋಗಿಬಿಡುತ್ತದೆ. ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ತೆಂಗಿನೆಣ್ಣೆ ಹಾಕಿ ಒರೆಸಿದರೆ ಸಾಕು. ಬರಿಯ ಬೆಳ್ಳಿಯಾದರೆ ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಉಜ್ಜದೆಯೇ ಕಪ್ಪು ಬಿಡುತ್ತದೆ, ಕೆತ್ತನೆ ಸವೆಯುವುದಿಲ್ಲ.

ಕೆಟಲಿಯನ್ನು ಭಾಭಿ ಕೇಳಿ ಇಟ್ಟುಕೊಂಡರು. ಹೋದ ವಾರ ಉಗಾರಕ್ಕೆ ಹೋಗಿದ್ದಾಗ ನೋಡಿದೆ. ಶೆಫೀಲ್ಡಿನಿಂದ ಹೊರಟು ಮುಂಬೈ ಸೇರಿ ನಾನಾರ ಕೈಯಲ್ಲಿ ಇಲ್ಲಿಗೆ ಬಂದ ಆ ಕೆಟಲಿಯಿಂದ ಅವರು ಹಿತ್ತಲಿನ ಪುದೀನ ಗಿಡಗಳಿಗೆ ನೀರು ಹಾಕುತ್ತಿದ್ದರು. "ಮೂತಿ ಸಣ್ಣದಲ್ಲ ಆಪಾ, ಬೇರು ಕಿತ್ತುಬರುವುದಿಲ್ಲ" ಎಂದರು.